ಹಸು ಮಾತಾಡಿದ್ದಕ್ಕೆ ಯಾರ ತಕರಾರೂ ಇಲ್ಲ

(ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ, ವಿಜ್ಞಾನ ಕಥೆ ಮತ್ತು ಅದ್ಭುತ ಕಥೆಗಳ ಸಿನಿಮಾ-ಸರಣಿ ನೋಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ದಾರಿ ತಪ್ಪಿದ ಕಡೆ ಬರೆಯುವಾಗಲೂ ತಪ್ಪಲು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಾತುಕತೆ ಹುಟ್ಟಿದ್ದು ಈ ಸಭಾಂಗಣದಲ್ಲಲ್ಲ, ಒಂದು ಮಂಡಕ್ಕಿ ಅಂಗಡಿಯ ಮುಂದೆ. ಮ್ಯಾಟಿನಿ ಮುಗಿಸಿ ಬಂದ ಇಬ್ಬರು ಹುಡುಗರು ನರ್ಗೀಸ್ ಮಂಡಕ್ಕಿ ಪೊಟ್ಟಣ ಕೈಯಲ್ಲಿ ಹಿಡಿದು ಜಗಳಕ್ಕೆ ನಿಂತಿದ್ದರು. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳೇ. ಒಬ್ಬನ ತಕರಾರು, 'ಬಾಹ್ಯಾಕಾಶದಾಗ ಗಾಳಿ ಇಲ್ಲ, ಅಲ್ಲಿ ಹಡಗು ಸ್ಫೋಟ ಆದ್ರೆ ಢಂ ಅಂತ ಸದ್ದು ಹೆಂಗ್ ಬರುತ್ತೆ?' ಇನ್ನೊಬ್ಬ ಬಿಟ್ಟುಕೊಡಲಿಲ್ಲ. 'ಹಂಗಾದ್ರೆ ಅಲ್ಲಿ ಪಿಟೀಲು ಬಾರಿಸಿದ್ದು ಯಾರು? ಹಿನ್ನೆಲೆ ಸಂಗೀತ ಕೇಳಿದಾಗ ಸುಮ್ನಿದ್ಯಲ್ಲ!' ಮೆಣಸಿನಕಾಯಿ ಕರಿಯುತ್ತಿದ್ದ ಅಂಗಡಿಯವರು ಜಾರೆ ಎತ್ತಿಕೊಂಡೇ ತೀರ್ಪು ಕೊಟ್ಟರು: 'ದುಡ್ಡು ಕೊಟ್ಟು ಟಿಕೆಟ್ ತಗೊಂಡೀರಿ, ಸದ್ದು ಬ್ಯಾಡ ಅಂತೀರೇನ್ರೋ?'

ಭೌತಶಾಸ್ತ್ರದ ಮೇಷ್ಟ್ರಾಗಿ ನಾನು ಮೊದಲನೆಯವನ ಪಕ್ಷ ಹಿಡಿಯಬೇಕಿತ್ತು. ಸದ್ದು ಸಾಗಲು ಮಾಧ್ಯಮ ಬೇಕು ಎಂದು ಅವನಿಗೆ ಕಲಿಸಿದವನೇ ನಾನು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಎರಡನೆಯವನ ಪಿಟೀಲು ನನ್ನನ್ನು ಬಿಡಲಿಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಹೊರಗಿನ ಶೂನ್ಯಕ್ಕೆ ಮೌನವನ್ನೇ ಇಟ್ಟರು. 1977ರ 'ಸ್ಟಾರ್ ವಾರ್ಸ್'ನಲ್ಲಿ ಹಡಗುಗಳು ಮೊರೆಯುತ್ತವೆ, ಸಿಡಿಯುತ್ತವೆ. ಎರಡೂ ಗೆದ್ದವು. ವಿಜ್ಞಾನಕ್ಕೆ ತಪ್ಪಿದ್ದಕ್ಕೆ ಎರಡನೆಯದನ್ನು ಜನ ದೂರ ತಳ್ಳಲಿಲ್ಲ. ಹಾಗಾದರೆ ನಾವು ಇಷ್ಟೊಂದು ಗಂಟಲು ಹರಿದುಕೊಳ್ಳುವುದು ಯಾವುದರ ಬಗ್ಗೆ?

ಉತ್ತರ ಸಿಕ್ಕಿದ್ದು ನನ್ನ ಮಗಳಿಂದ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಗೋವಿನ ಹಾಡು ಹೇಳಿಕೊಟ್ಟಿದ್ದೆ. ಹಸು ಮಾತಾಡುತ್ತದೆ, ಹುಲಿ ಮಾತಾಡುತ್ತದೆ, ಇಬ್ಬರೂ ವಾಯಿದೆಯ ಮಾತಿಗೆ ಬರುತ್ತಾರೆ. 'ಹಸು ಹೆಂಗಪ್ಪ ಮಾತಾಡುತ್ತೆ' ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೊನೆಯಲ್ಲಿ ಹುಲಿ ಹಾರಿ ಪ್ರಾಣ ಬಿಟ್ಟಾಗ ಮಾತ್ರ ಎದ್ದು ಕೂತಳು. 'ಅದ್ಯಾಕೆ ಸಾಯಬೇಕಿತ್ತು? ಹಸೂನ ಬಿಟ್ಟು ಬೇರೆ ಏನಾದ್ರೂ ತಿನ್ನಬಹುದಿತ್ತಲ್ಲ, ಅದು ಹುಲಿ ತಾನೇ?' ನಾನು ಪಶ್ಚಾತ್ತಾಪ ಅದು ಇದು ಅಂದೆ. ಅವಳು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ, ಈಗ ಇಂಜಿನಿಯರಿಂಗ್ ಓದುತ್ತಿದ್ದಾಳೆ.

ಅಸಾಧ್ಯವಾದದ್ದನ್ನು ಕೇಳುಗರು ಬಾಗಿಲಲ್ಲೇ ಒಪ್ಪಿಕೊಂಡು ಒಳಗೆ ಬರುತ್ತಾರೆ. ಒಳಗೆ ಬಂದ ಮೇಲೆ ಕತೆ ಏನೋ ಒಂದು ಮಾತು ಕೊಡುತ್ತದಲ್ಲ, ಅದಕ್ಕೆ ತಪ್ಪಿದರೆ ಸುಮ್ಮನಿರುವುದಿಲ್ಲ. ಅಭಿಮಾನಿಗಳ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಕೊಟ್ಟ ಮಾತಿನ ಜಗಳ ಎಂದು ನನ್ನ ಅನುಮಾನ.

'ಗೇಮ್ ಆಫ್ ಥ್ರೋನ್ಸ್' ಎಂಬ ಟೀವಿ ಸರಣಿ ತೆಗೆದುಕೊಳ್ಳಿ. ಇಲ್ಲಿ ಅದನ್ನು ನೋಡಿದವರು ಕೈಯೆತ್ತಿ ಅಂದರೆ ಅರ್ಧ ಸಭೆ ಎತ್ತುತ್ತದೆ, ಕೆಲವರು ಅಪ್ಪ ಪಕ್ಕದಲ್ಲಿ ಕೂತಿದ್ದಾರೆಂದು ಎತ್ತುವುದಿಲ್ಲ. ಬೆಂಕಿ ಉಗುಳುವ ಡ್ರ್ಯಾಗನ್‌ಗಳು, ಸತ್ತು ಎದ್ದು ಬರುವವರು, ಎಲ್ಲಾ ಒಪ್ಪಿತ. ಜನ ಕೆರಳಿದ್ದು ದೂರದ ಬಗ್ಗೆ. ಮೊದಲ ಸೀಸನ್‌ಗಳಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹೋಗುವುದೆಂದರೆ ದೊಡ್ಡ ಕತೆ. ದಾರಿಯಲ್ಲಿ ಮಳೆ, ಕಳ್ಳರು, ಹೋಟೆಲು, ಜಗಳ. ಏಳನೇ ಸೀಸನ್ ಹೊತ್ತಿಗೆ ಎಲ್ಲರೂ ಎಲ್ಲಿ ಬೇಕಾದರೂ ಥಟ್ಟನೆ ಮುಟ್ಟತೊಡಗಿದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಚಿತ್ರದುರ್ಗ ಬಿಟ್ಟು ದಾವಣಗೆರೆ ಮುಟ್ಟಲು ಮೂರು ಸೀಸನ್ ತಗೊಂಡ ಮನುಷ್ಯ, ಆಮೇಲೆ ಟೀ ಆರುವುದರೊಳಗೆ ಬೆಳಗಾವಿಯಲ್ಲಿದ್ದ. 2019ರಲ್ಲಿ ಕೊನೆಯ ಸೀಸನ್ ಬಂದಾಗ, ಇದನ್ನು ಮತ್ತೆ ತೆಗೆಯಿರಿ ಎಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ ಸೀಸನ್‌ನ ಒಂದು ದೃಶ್ಯದಲ್ಲಿ ಈ ಕಾಲದ ಕಾಫಿ ಕಪ್ಪೊಂದು ಮೇಜಿನ ಮೇಲೆ ಉಳಿದುಹೋಗಿತ್ತು. ಅದಕ್ಕೆ ಜನ ನಕ್ಕರು, ಅಷ್ಟೇ. ಕಪ್ಪು ಮರೆತದ್ದು ಕೆಲಸದವರ ಕಣ್ತಪ್ಪು, ದೂರ ಮರೆತದ್ದು ಕತೆಯ ಕಣ್ತಪ್ಪು.

ನನ್ನ ಅಜ್ಜಿಗೆ ಈ ವಿಷಯ ನನಗಿಂತ ಮೊದಲೇ ಗೊತ್ತಿತ್ತು. ಚಳ್ಳಕೆರೆ ಕಡೆಯ ನಮ್ಮೂರಲ್ಲಿ ದೂರದರ್ಶನದ 'ಮಹಾಭಾರತ' ಬರುತ್ತಿದ್ದ ಕಾಲ, 1988ರಿಂದ 90. ಊರಿಗೆಲ್ಲ ಇದ್ದದ್ದೇ ಎರಡು ಟೀವಿ. ಭಾನುವಾರ ಬೆಳಿಗ್ಗೆ ಪಡಸಾಲೆ ತುಂಬ ಜನ. ಇತ್ತಲಿಂದ ಒಂದು ಬಾಣ, ಅತ್ತಲಿಂದ ಒಂದು ಬಾಣ, ನಡುವೆ ಬಂದು ಡಿಕ್ಕಿ ಹೊಡೆಯಲು ಅವಕ್ಕೆ ಅರ್ಧ ಗಂಟೆ ಬೇಕು ಅನ್ನುವಷ್ಟು ನಿಧಾನ. ಬಿಲ್ಲಿನಿಂದ ಬಿಟ್ಟ ಬಾಣ ಹೀಗೆ ತೆವಳುತ್ತದೇನಜ್ಜಿ ಎಂದು ನಾನು ಕೇಳಿದರೆ ಅಜ್ಜಿ, 'ಅದು ಮಂತ್ರದ ಬಾಣ ಕಣೋ, ಅದಕ್ಕೇನ್ ಅವಸರ' ಅಂದಿದ್ದಳು. ಆದರೆ ಅದೇ ಅಜ್ಜಿ, ಬಯಲಾಟದಲ್ಲಿ ಭೀಮನ ವೇಷದವನು ತಾಳ ತಪ್ಪಿದರೆ ಕೂತಲ್ಲಿಂದಲೇ ಬೈಯುತ್ತಿದ್ದಳು. ಮಂತ್ರದ ಬಾಣ ಎಷ್ಟು ನಿಧಾನವಾದರೂ ಹೋಗಲಿ, ತಾಳ ಮಾತ್ರ ತಪ್ಪಬಾರದು.

ಈಗ ವಿಜ್ಞಾನ ಕಥೆಗೆ ಬರುತ್ತೇನೆ. ವಿಜ್ಞಾನ ಕಥೆಗೂ ಮಾಯಾಜಾಲದ ಕಥೆಗೂ ಏನು ವ್ಯತ್ಯಾಸ ಎಂಬುದರ ಬಗ್ಗೆ ನೀವು ರಾತ್ರಿಯೆಲ್ಲಾ ಕಿತ್ತಾಡುತ್ತೀರಿ ಎಂದು ಕೇಳಿದ್ದೇನೆ. ಯಂತ್ರ ಇದ್ದರೆ ವಿಜ್ಞಾನ, ಮಂತ್ರ ಇದ್ದರೆ ಮಾಯೆ ಎಂಬ ಗೆರೆ ಸಾಲದು. ವಿಜ್ಞಾನ ಕಥೆ ಕೊಡುವ ಮಾತೇ ಬೇರೆ: 'ನೀನು ಹೇಗೆ ಎಂದು ಕೇಳಬಹುದು, ಎಷ್ಟು ಎಂದೂ ಕೇಳಬಹುದು' ಎಂದು ಅದು ಬಾಯಿಬಿಟ್ಟು ಒಪ್ಪಿಕೊಂಡಿರುತ್ತದೆ. ಕೇಳಿದರೆ ಉತ್ತರ ಕೊಡಬೇಕು, ಇಲ್ಲವೇ ಕೊಟ್ಟಂತೆ ನಟಿಸಬೇಕು.

ನಟನೆಯ ಸೊಗಸಾದ ಉದಾಹರಣೆ 'ಸ್ಟಾರ್ ಟ್ರೆಕ್' ಎಂಬ ಟೀವಿ ಸರಣಿ. 1966ರಲ್ಲಿ ಶುರುವಾದಾಗ ಪ್ರತಿ ವಾರ ಹೊಸ ಗ್ರಹದ ಮೇಲೆ ಹಡಗು ಇಳಿಸುವುದನ್ನು ತೋರಿಸಲು ಅವರ ಹತ್ತಿರ ದುಡ್ಡಿರಲಿಲ್ಲ. ಅದಕ್ಕೇ ಮನುಷ್ಯರನ್ನು ಇಲ್ಲಿ ಕರಗಿಸಿ ಅಲ್ಲಿ ಮೂಡಿಸುವ ಟ್ರಾನ್ಸ್‌ಪೋರ್ಟರ್ ಹುಟ್ಟಿತು. ಬಡತನದ ಕೂಸು. ಆದರೆ ಅಭಿಮಾನಿಗಳು ಬಿಡುತ್ತಾರೆಯೇ? ಮನುಷ್ಯನನ್ನು ಕಣಕಣವಾಗಿ ಅಳೆದು ಕಳಿಸಬೇಕಾದರೆ ಭೌತವಿಜ್ಞಾನಿ ಹೈಸೆನ್‌ಬರ್ಗ್ ಅಡ್ಡ ಬರುತ್ತಾನೆ. 1927ರಲ್ಲಿ ಅವನು ಹೇಳಿದ ಅನಿಶ್ಚಿತತೆಯ ತತ್ವದ ಪ್ರಕಾರ ಕಣ ಎಲ್ಲಿದೆ ಎಂದು ನಿಖರವಾಗಿ ಹಿಡಿಯಹೋದಷ್ಟೂ ಅದರ ಸಂವೇಗ ಕೈಜಾರುತ್ತದೆ. ಮುಂದಿನ ಸರಣಿ ಬರೆದವರು ಏನು ಮಾಡಿದರು ಗೊತ್ತೇ? ಯಂತ್ರದೊಳಗೆ 'ಹೈಸೆನ್‌ಬರ್ಗ್ ಕಾಂಪೆನ್ಸೇಟರ್' ಎಂಬ ಬಿಡಿಭಾಗವನ್ನು ಸೇರಿಸಿಬಿಟ್ಟರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ್ದಕ್ಕೆ ಸರಣಿಯ ತಾಂತ್ರಿಕ ಸಲಹೆಗಾರ ಮೈಕೆಲ್ ಒಕುಡಾ, ಚೆನ್ನಾಗಿಯೇ ಕೆಲಸ ಮಾಡುತ್ತದೆ, ಥ್ಯಾಂಕ್ಸ್ ಎಂದರಂತೆ! ನನಗೆ ಈ ಉತ್ತರ ಬಹಳ ಇಷ್ಟ. ನಿಮ್ಮ ಪ್ರಶ್ನೆ ನಮಗೆ ಮುಟ್ಟಿದೆ, ಉತ್ತರ ನಮ್ಮ ಹತ್ತಿರ ಇಲ್ಲ, ಆದರೆ ಪ್ರಶ್ನೆಗೆ ಮರ್ಯಾದೆ ಕೊಟ್ಟಿದ್ದೇವೆ. ನಮ್ಮಲ್ಲಿ ಎಷ್ಟೋ ಸಿನಿಮಾದವರು ಆ ಮರ್ಯಾದೆಯನ್ನೂ ಕೊಡುವುದಿಲ್ಲ. ನೀಲಿ ಲೈಟು, ನಾಲ್ಕು ಕಂಪ್ಯೂಟರ್ ಪರದೆ, ಬಿಳಿ ಕೋಟಿನ ಮುದುಕ ಇಟ್ಟರೆ ವಿಜ್ಞಾನ ಮುಗಿಯಿತು.

ನಿಜವಾದ ಉತ್ತರ ಕೊಟ್ಟದ್ದು 2014ರ 'ಇಂಟರ್‌ಸ್ಟೆಲ್ಲರ್'. ಕಪ್ಪುಕುಳಿಯ ಹತ್ತಿರದ ಗ್ರಹದಲ್ಲಿ ಒಂದು ತಾಸು ಕಳೆದರೆ ಭೂಮಿಯಲ್ಲಿ ಏಳು ವರ್ಷ. ಸಿನಿಮಾಗೆ ವಿಜ್ಞಾನ ಹೇಳಿಕೊಟ್ಟ ಕಿಪ್ ಥಾರ್ನ್ ಮೊದಲು ಇದಾಗದು ಅಂದುಕೊಂಡಿದ್ದರು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಕಪ್ಪುಕುಳಿ ತಾನು ತಿರುಗಬಹುದಾದ ಗರಿಷ್ಠ ವೇಗಕ್ಕೆ ಕೂದಲೆಳೆಯಷ್ಟು ಹತ್ತಿರದಲ್ಲಿ ತಿರುಗುತ್ತಿದ್ದರೆ ಸಾಧ್ಯ ಎಂದು ತಿಳಿಯಿತು. ಅವರಿಗೆ 2017ರಲ್ಲಿ ನೊಬೆಲ್ ಬಂತು, ಗುರುತ್ವ ಅಲೆಗಳ ಕೆಲಸಕ್ಕೆ, ಸಿನಿಮಾಕ್ಕಲ್ಲ.

ಇದನ್ನು ಹೇಳಿದ ಕೂಡಲೇ ಸಭೆಯಲ್ಲಿ ಒಬ್ಬರು ಎದ್ದೇ ಏಳುತ್ತಾರೆ. ಇವತ್ತೂ ಆ ಮೂಲೆಯಲ್ಲಿ ಒಬ್ಬರು ಏಳುವ ಸೂಚನೆ ಕಾಣುತ್ತಿದೆ, ಕೂತ್ಕೊಳ್ಳಿ ಸಾರ್, ನಾನೇ ಹೇಳುತ್ತೇನೆ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮನ ಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆದಿತ್ತು, ಮುಗಿಯಲೆಂದು ಒಂದು ಕ್ಷಣ ಕಾದ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದಿದ್ದವು. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಗಂಡುಗಳ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಎಂಥ ಕತೆ! ಗಂಡು ನೋಡಲು ತಡ ಮಾಡಿದ ಅಪ್ಪನ ಬಗ್ಗೆ ಇದಕ್ಕಿಂತ ದೊಡ್ಡ ಕತೆ ಯಾವ ಭಾಷೆಯಲ್ಲೂ ಇರಲಾರದು. ಆದರೆ ಅದನ್ನು, ಗುರುತ್ವ ಹೆಚ್ಚಿದಷ್ಟೂ ಕಾಲ ನಿಧಾನ ಎಂದ ಐನ್‌ಸ್ಟೈನ್‌ನ ಪಕ್ಕ ನಿಲ್ಲಿಸಿ 'ನೋಡಿ, ನಮಗೆ ಮೊದಲೇ ಗೊತ್ತಿತ್ತು' ಅಂದರೆ ಎರಡಕ್ಕೂ ಅನ್ಯಾಯ. ಬ್ರಹ್ಮಲೋಕದ ಹತ್ತಿರ ಗುರುತ್ವ ಎಷ್ಟು ಎಂದು ಭಾಗವತವನ್ನು ಕೇಳುವಂತಿಲ್ಲ, ಅದು ಆ ಮಾತು ಕೊಟ್ಟೇ ಇಲ್ಲ. ಕೊಡದ ಮಾತನ್ನು ಅದರ ತಲೆಗೆ ಕಟ್ಟಿ ಆಮೇಲೆ ಪರೀಕ್ಷೆಗೆ ಕೂರಿಸುವುದು ಯಾವ ಭಕ್ತಿ?

ಈ ಜಗಳ ನಮಗೆ ದೂರದ್ದಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಡೆ, ಒಂದು ಕಾಲಕ್ಕೆ ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿನಲ್ಲಿ, ಈಗ ವಿಮಾನ ಪರೀಕ್ಷೆಯ ನೆಲೆ ಇದೆ. ಅಲ್ಲಿ ಇಸ್ರೋ, ಮತ್ತೆ ಮತ್ತೆ ಬಳಸಬಲ್ಲ ಬಾಹ್ಯಾಕಾಶ ವಾಹನಕ್ಕಾಗಿ ಮಾಡಿದ ರೆಕ್ಕೆಯ ಮಾದರಿಯನ್ನು ಮೂರು ಸಲ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, ಮತ್ತೆ ಅದೇ ವರ್ಷ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ಜೋತುಬಿಟ್ಟುಕೊಂಡು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೋಗಿ ಕೈಬಿಡುತ್ತದೆ. ಅಲ್ಲಿಂದ ಅದು ತಾನೇ ದಾರಿ ನೋಡಿಕೊಂಡು, ಒಳಗೆ ಯಾರೂ ಇಲ್ಲದೆ, ತೇಲುತ್ತಾ ಬಂದು ರನ್‌ವೇ ಮೇಲೆ ಕೂರಬೇಕು. ಮೂರನೇ ಸಲ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರ್‌ಗೂ ಹೆಚ್ಚು. ಬೆನ್ನಿಗೆ ಪ್ಯಾರಾಚೂಟ್ ಬಿಚ್ಚಿ 100ರ ಆಸುಪಾಸಿಗೆ ತಂದು, ಆಮೇಲೆ ಚಕ್ರದ ಬ್ರೇಕು. ಅದಕ್ಕೆ ಇಟ್ಟ ಹೆಸರು ಪುಷ್ಪಕ್.

ಮರುದಿನ ಕ್ಲಾಸಿನಲ್ಲಿ ಪಾಠ ನಡೆಯಲಿಲ್ಲ. 'ರಾಮಾಯಣದ ಪುಷ್ಪಕ ವಿಮಾನ ಮತ್ತೆ ಬಂತು' ಎಂದು ಒಂದು ಬೆಂಚು. 'ಮೇಲೆ ಹೋಗೋಕೆ ಹೆಲಿಕಾಪ್ಟರ್ ಬೇಕಾದ ಪುಷ್ಪಕ ಯಾವ ಸೀಮೆ ಪುಷ್ಪಕ' ಎಂದು ಇನ್ನೊಂದು. ಎಷ್ಟು ಜನ ಹತ್ತಿದರೂ ಪುಷ್ಪಕದಲ್ಲಿ ಇನ್ನೊಬ್ಬರಿಗೆ ಜಾಗ ಇರುತ್ತದೆ ಎಂದು ಹರಿಕತೆಯವರು ಹೇಳುತ್ತಿದ್ದರು. ಅದನ್ನು ನೆನಪಿಸಿದೆ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: 'ಹಂಗಾದ್ರೆ ಅದು ನಮ್ಮ ದುರ್ಗದ ಬಸ್ಸು ಸಾರ್. ಹಿಂದಕ್ಕೆ ಹೋಗ್ರಿ, ಜಾಗ ಐತಿ, ಹಿಂದಕ್ಕೆ ಹೋಗ್ರಿ.'

ನಗು ಮುಗಿದ ಮೇಲೆ ನಾನು ಹೇಳಿದ್ದು ಇಷ್ಟು. ಹೆಸರಿಡುವುದರಲ್ಲಿ ತಪ್ಪೇನೂ ಇಲ್ಲ. ಕನಸಿನ ಹೆಸರನ್ನು ಕೆಲಸಕ್ಕೆ ಇಡುವುದು ಚೆಂದ. ಅಮೆರಿಕದವರೂ 1976ರಲ್ಲಿ ತಮ್ಮ ಮೊದಲ ಶಟಲ್‌ಗೆ 'ಎಂಟರ್‌ಪ್ರೈಸ್' ಎಂದು ಹೆಸರಿಟ್ಟದ್ದು 'ಸ್ಟಾರ್ ಟ್ರೆಕ್' ಅಭಿಮಾನಿಗಳ ಪತ್ರಗಳ ಹೊಡೆತಕ್ಕೆ, ಆ ಸರಣಿಯ ಹಡಗಿನ ಹೆಸರದು. ಯಾರೂ ಅಲ್ಲಿ 'ಟೀವಿಯ ಹಡಗು ನಿಜವಾಗಿತ್ತು' ಅನ್ನಲಿಲ್ಲ. ಇಲ್ಲಿ ಹಾಗಾಗುವುದಿಲ್ಲ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಬರೆಸಿದ 'ವೈಮಾನಿಕ ಶಾಸ್ತ್ರ'ವನ್ನು ಹಿಡಿದುಕೊಂಡು ಪುರಾತನ ವಿಮಾನವಿದ್ಯೆ ಅನ್ನುತ್ತಾರೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐದು ಜನ ಆ ಗ್ರಂಥವನ್ನು ಗೌರವದಿಂದಲೇ ಕೂತು ಓದಿ, ಅದರಲ್ಲಿನ ವಿಮಾನಗಳು ಹಾರಲಾರವು, ಗ್ರಂಥವೂ ಅಷ್ಟು ಹಳೆಯದಲ್ಲ ಎಂದು ಬರೆದರು. ಅದೇ ಸಂಸ್ಥೆಯ ಇನ್ನೊಂದು ಆವರಣ ಈಗ ಅದೇ ಕುದಾಪುರದಲ್ಲಿದೆ. ಆ ಐದು ಜನ ಮಾಡಿದ್ದನ್ನು ನಾನು ಒಳ್ಳೆಯ ಅಭಿಮಾನಿಯ ಕೆಲಸ ಅನ್ನುತ್ತೇನೆ. ಇದು 'ಎಷ್ಟು, ಹೇಗೆ' ಎಂಬ ಮಾತು ಕೊಟ್ಟ ಪುಸ್ತಕ, ಹಾಗಾದರೆ ಲೆಕ್ಕ ತೋರಿಸು ಅಂದರು. ವಾಲ್ಮೀಕಿಯ ಹತ್ತಿರ ಯಾರೂ ಲೆಕ್ಕ ಕೇಳಲಿಲ್ಲ, ಕೇಳಬೇಕಾಗಿಯೂ ಇಲ್ಲ.

ಇನ್ನೊಂದು ಜಗಳ ದುರ್ಗದ್ದು. ಇದರಲ್ಲಿ ನನಗಿನ್ನೂ ಪಕ್ಷ ಸಿಕ್ಕಿಲ್ಲ.

1972ರ 'ನಾಗರಹಾವು' ನಮ್ಮ ಕೋಟೆಯಲ್ಲಿ ಓಡಾಡಿದ ಸಿನಿಮಾ. ಇವತ್ತಿಗೂ ಏಳು ಸುತ್ತಿನ ಕೋಟೆಗೆ ಬಂದವರಿಗೆ ಗೈಡುಗಳು ಒಬವ್ವನ ಕಿಂಡಿಯ ಜೊತೆ ರಾಮಾಚಾರಿ ನಿಂತ ಬಂಡೆಯನ್ನೂ ತೋರಿಸುತ್ತಾರೆ. ಆಗಲೂ ಒಂದು ಜಗಳ ನಡೆದಿತ್ತು. ಕಾದಂಬರಿ ಬರೆದ ದುರ್ಗದವರೇ ಆದ ತ.ರಾ.ಸು. ಅವರಿಗೆ ಪುಟ್ಟಣ್ಣನವರ ಸಿನಿಮಾ ಹಿಡಿಸಲಿಲ್ಲ, ಇದು ನಾಗರಹಾವಲ್ಲ, ಕೇರೆಹಾವು ಅಂದರು ಎಂಬ ಮಾತು ಊರಲ್ಲಿ ಇನ್ನೂ ಓಡಾಡುತ್ತದೆ. (ಕೇರೆಹಾವು ಇಲಿ ತಿಂದು ರೈತನನ್ನು ಉಳಿಸುವ ಜೀವ. ಬೈಗುಳಕ್ಕೆ ಅದನ್ನು ಎಳೆದದ್ದು ನನಗೆ ಸರಿಕಾಣುವುದಿಲ್ಲ.) ಸಿನಿಮಾ ಗೆದ್ದಿತು, ವಿಷ್ಣುವರ್ಧನ್ ಹುಟ್ಟಿದರು. 2009ರ ಡಿಸೆಂಬರ್ 30ರಂದು ಹೋದರು.

2016ರಲ್ಲಿ ಅದೇ ಹೆಸರಿನ ಇನ್ನೊಂದು ಸಿನಿಮಾ ಬಂತು, ಈ ಸಲ ಮಾಯೆ-ಮಂತ್ರದ ಕತೆ. ಅದರಲ್ಲಿ ವಿಷ್ಣುವರ್ಧನ್ ಮತ್ತೆ ಕಾಣಿಸಿಕೊಂಡರು, ಕಂಪ್ಯೂಟರಿನಲ್ಲಿ ಕಟ್ಟಿದ ಮುಖವಾಗಿ. ಅದೇ ವರ್ಷದ ಡಿಸೆಂಬರ್‌ನಲ್ಲಿ 'ಸ್ಟಾರ್ ವಾರ್ಸ್' ಬಳಗದ 'ರೋಗ್ ಒನ್' ಬಂತು. 1977ರ ಚಿತ್ರದಲ್ಲಿ ನಟಿಸಿ 1994ರಲ್ಲೇ ತೀರಿಕೊಂಡಿದ್ದ ಪೀಟರ್ ಕುಶಿಂಗ್ ಅದರಲ್ಲಿ ನಡೆದಾಡಿದರು. ಗೈ ಹೆನ್ರಿ ಎಂಬ ಬೇರೆ ನಟ ಅಭಿನಯಿಸಿದ್ದು, ಮೇಲೆ ಕುಶಿಂಗರ ಮುಖ ಹೊದಿಸಿದ್ದು. ಕೆಲವೇ ತಿಂಗಳ ಅಂತರದಲ್ಲಿ ಎರಡು ಭಾಷೆ, ಎರಡು ಖಂಡ, ಒಂದೇ ಪ್ರಶ್ನೆ: ಸತ್ತವರ ಮುಖ ಯಾರದು?

ನಾನು ಆ ಹೊಸ 'ನಾಗರಹಾವು' ಸಿನಿಮಾಕ್ಕೆ ಹೋದದ್ದು ನನ್ನ ಗೆಳೆಯನೊಬ್ಬನ ಜೊತೆ. ವಿಷ್ಣು ಸತ್ತ ದಿನ ಊಟ ಬಿಟ್ಟವನು ಅವನು. ಪರದೆಯ ಮೇಲೆ ಆ ಮುಖ ಬಂದ ಕ್ಷಣ ಟಾಕೀಸಿನಲ್ಲಿ ಎದ್ದ ಕೂಗು ನನ್ನ ಕಿವಿಯಲ್ಲಿದೆ. ಚಿಲ್ಲರೆ ಎಸೆದರು, ಆರತಿ ಎತ್ತಿದರು. ನಾನು ಕೂತು ಕಣ್ಣುಗಳನ್ನು ನೋಡುತ್ತಿದ್ದೆ. ಎಲ್ಲಾ ಇತ್ತು, ನೋಟ ಇರಲಿಲ್ಲ. ಹೊರಗೆ ಬಂದ ಮೇಲೆ ಮೇಷ್ಟ್ರ ಚಾಳಿ ಬಿಡದೆ ಅದನ್ನೇ ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ. 'ನಿಮ್ಮಪ್ಪನ ಫೋಟೋಗೆ ದಿನಾ ಹೂವು ಇಡ್ತೀಯಲ್ಲ, ಅದು ನಿನ್ನ ನೋಡುತ್ತೇನು?' ಅಂದ. ಉತ್ತರ ಕೊಡಲಾಗಲಿಲ್ಲ. ಫೋಟೋ ಮಾತಾಡುವುದಿಲ್ಲ, ಅಪ್ಪ ಆಡದ ಮಾತನ್ನು ಅವನ ಬಾಯಿಂದ ಆಡಿಸುವುದಿಲ್ಲ ಎಂಬ ಉತ್ತರ ಹೊಳೆದದ್ದು ಒಂದು ವಾರದ ಮೇಲೆ. ಅಷ್ಟರಲ್ಲಿ ಸಿನಿಮಾ ಎತ್ತಂಗಡಿಯಾಗಿತ್ತು, ಅವನಿಗೆ ಫೋನ್ ಮಾಡಿ ಹೇಳಲು ಮನಸ್ಸಾಗಲಿಲ್ಲ.

ಕತೆ ಯಾರ ಸ್ವತ್ತು ಎಂಬ ಜಗಳವೂ ಇದರ ತಮ್ಮನೇ. 1977ರ 'ಸ್ಟಾರ್ ವಾರ್ಸ್'ನಲ್ಲಿ ನಾಯಕರಲ್ಲೊಬ್ಬನಾದ ಹಾನ್ ಸೋಲೋ, ತನ್ನನ್ನು ಹಿಡಿಯಲು ಬಂದ ಗ್ರೀಡೋನನ್ನು ಮೇಜಿನ ಕೆಳಗಿಂದ ಗುಂಡು ಹಾರಿಸಿ ಕೊಂದ. 1997ರಲ್ಲಿ ಅದೇ ನಿರ್ದೇಶಕ ಅದೇ ದೃಶ್ಯ ತಿದ್ದಿ, ಮೊದಲು ಹಾರಿಸಿದ್ದು ಗ್ರೀಡೋ ಅಂದ. ಜನ ಇನ್ನೂ ಕ್ಷಮಿಸಿಲ್ಲ. ಬಾಡಿಗೆ ಬಂಟನೊಬ್ಬ ಒಳ್ಳೆಯವನಾಗುತ್ತಾ ಹೋಗುವ ಕತೆಯಲ್ಲಿ ಅವನು ಶುರುವಿನಲ್ಲೇ ಒಳ್ಳೆಯವನಾಗಿಬಿಟ್ಟರೆ ಹೋಗುವುದೆಲ್ಲಿಗೆ? ಇಲ್ಲಿ ನಾನು ಪೂರ್ತಿ ಅಭಿಮಾನಿಗಳ ಕಡೆ.

ಭಾಷೆಯ ವಿಷಯ ಎತ್ತದೆ ಮುಗಿಸಿದರೆ ನೀವು ಬಿಡುವುದಿಲ್ಲ. ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು ನಮ್ಮಲ್ಲಿ ದಶಕಗಟ್ಟಲೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ಸಲ್ಲದು ಎಂದ ಮೇಲೆ ಬಾಗಿಲು ತೆರೆಯಿತು. 2022ರಲ್ಲಿ ನೀಲಿ ಮೈಯ ಅನ್ಯಗ್ರಹದವರ 'ಅವತಾರ್'ನ ಎರಡನೇ ಭಾಗ ಕನ್ನಡದಲ್ಲೂ ಬಂತು. ಕಟ್ಟುಪಾಡು ಹಾಕಿದವರ ಭಯ ಸುಳ್ಳಾಗಿರಲಿಲ್ಲ, ನಮ್ಮ ನಟರ, ತಂತ್ರಜ್ಞರ ಅನ್ನದ ಪ್ರಶ್ನೆ ಅದು. ಆದರೆ ಅದರಿಂದ ಎರಡು ಮೂರು ತಲೆಮಾರಿನ ಮಕ್ಕಳು ಅನ್ಯಗ್ರಹದವರನ್ನು ಇಂಗ್ಲಿಷ್, ಹಿಂದಿ, ತೆಲುಗಿನಲ್ಲಿ ಮಾತ್ರ ಭೇಟಿಯಾದರು, ಜಗಳ ಮಾತ್ರ ಕನ್ನಡದಲ್ಲಿ ಆಡಿದರು. 'ನೀಲಿ ಮನುಷ್ಯರು ಕನ್ನಡ ಮಾತಾಡಿದ್ರೆ ನಗು ಬರುತ್ತೆ ಸಾರ್' ಅನ್ನುತ್ತೀರಿ. ಬರುತ್ತದೆ, ಕಿವಿಗೆ ಹೊಸದು. ಬಯಲಾಟದ ರಾವಣ ಲಂಕೆಯಿಂದ ಬಂದು ಅಚ್ಚ ಕನ್ನಡದಲ್ಲಿ ಗುಡುಗಿದಾಗ ಇವನಿಗೆ ಕನ್ನಡ ಯಾರು ಕಲಿಸಿದರು ಎಂದು ನಮ್ಮಜ್ಜಿ ಕೇಳಿರಲಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಆಮೇಲೆ ನಡೆದದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ.

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಮೂರನೇ ಸಾಲಿನಿಂದ ಪಿಯುಸಿ ಓದುವ ವಯಸ್ಸಿನ ಹುಡುಗಿಯೊಬ್ಬಳು ಎದ್ದಳು. 'ಸಾರ್, ಗೋವಿನ ಹಾಡಲ್ಲಿ ಮಾತು ಕೊಟ್ಟಿದ್ದು ಹಸು. ಅದು ಮಾತು ಉಳಿಸ್ಕೊಳ್ತು. ಹುಲಿ ಯಾರಿಗೂ ಮಾತೇ ಕೊಟ್ಟಿಲ್ಲ. ಹಂಗಿದ್ಮೇಲೆ ಅಲ್ಲಿ ಮಾತಿಗೆ ತಪ್ಪಿದ್ದು ಯಾರು?' ನಾನು ನೀರು ಕುಡಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಇಷ್ಟು ವರ್ಷ ನನಗೇ ಹೊಳೆದಿರಲಿಲ್ಲ. ನನಗಿಂತ ಮೊದಲು ಹಿಂದಿನ ಸಾಲಿನ ಹಿರಿಯರೊಬ್ಬರು ಉತ್ತರಿಸಿದರು: 'ಹುಲಿ ಆಗಿರ್ತೀನಿ ಅಂತ ಮಾತು ಕೊಟ್ಟಿತ್ತಲ್ಲಮ್ಮ, ಹುಟ್ಟಿದಾಗಲೇ.' ಅವಳು ಬಿಡಲಿಲ್ಲ. 'ಅದು ಹುಲಿ ಕೊಟ್ಟಿದ್ದಲ್ಲಜ್ಜ, ನಾವು ಅಂದ್ಕೊಂಡಿದ್ದು.' ಮಂಡಕ್ಕಿ ಅಂಗಡಿಯ ಮುಂದೆ ಜಗಳವಾಡಿದ್ದ ಇಬ್ಬರೂ ಅಲ್ಲೇ ಇದ್ದರು. ಮೊದಲ ಬಾರಿಗೆ ಇಬ್ಬರೂ ಒಂದೇ ಪಕ್ಷದಲ್ಲಿ ನಿಂತು ಅಜ್ಜನ ಮೇಲೆ ಬಿದ್ದರು.

ಒಂಬತ್ತಾಗುತ್ತಾ ಬಂದಿತ್ತು. ಸಭಾಂಗಣ ನೋಡಿಕೊಳ್ಳುವವರು ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ ಒಳಗೆ ಬಂದು ಹಿಂದಿನ ಸಾಲಿನ ಫ್ಯಾನುಗಳನ್ನು ಆರಿಸಿದರು. 'ಬಾಗಿಲು ಹಾಕ್ಬೇಕು, ಹೊರಗೆ ಹೋಗಿ ಮಾತಾಡ್ಕೊಳ್ರಿ' ಅಂದರು. ಮೆಟ್ಟಿಲಿಳಿಯುವಾಗ ನನ್ನ ಪಕ್ಕಕ್ಕೆ ಬಂದು, ಸಣ್ಣ ದನಿಯಲ್ಲಿ, 'ಅಲ್ಲ ಸಾರ್, ಆ ಹುಲಿ ಅವತ್ತು ರಾತ್ರಿ ಊಟಕ್ಕೆ ಏನ್ ಮಾಡ್ಬೇಕಿತ್ತು ಅಂತೀರಿ?' ಅಂದರು.